ಮಧುಗಿರಿ ಸೀಮೆಯ ಮನೆಗಳಲ್ಲಿ ಹಣ್ಣಿನ ದಾಸ್ತಾನು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಮನೆಗಳಲ್ಲಿ, ಸುಗ್ಗಿಯಲ್ಲಿ ಸಿಕ್ಕ ಹಣ್ಣು-ಕಾಯಿಗಳನ್ನು ವರ್ಷದ ಬಳಕೆಗೆ ಕೂಡಿಡುವ ಪದ್ಧತಿ. ಒಣಗಿಸುವುದು, ಉಪ್ಪಿನಲ್ಲಿ ಊರಿಸುವುದು, ಬೆಲ್ಲ ಅಥವಾ ಸಕ್ಕರೆಯ ಪಾಕದಲ್ಲಿ ಇಡುವುದು ಇದರ ಹಳೆಯ ಬಗೆಗಳು. ಗಾಜಿನ ಬಾಟಲಿಯಲ್ಲಿ ತುಂಬಿ ಕುದಿಸಿ ಮುಚ್ಚುವುದು, ಅಂಗಡಿಯಿಂದ ತಗಡಿನ ಡಬ್ಬಿಯ ಹಣ್ಣು ತಂದಿಡುವುದು ಈಚಿನವು. ಈ ನಾಲ್ಕು ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೂ ಮಧುಗಿರಿ ಶೈಕ್ಷಣಿಕ ಜಿಲ್ಲೆಗೂ ಸೇರಿವೆ. ಹವೆ, ಅಡುಗೆ, ಸಂತೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಸೀಮೆ. ಡಬ್ಬಿಯ ಹಣ್ಣು ಇಲ್ಲಿ ಇಂದಿಗೂ ಅಪರೂಪದ ಸಾಮಾನು. ಆದರೆ ಡಬ್ಬಿ ಮಾಡುವ ಕೆಲಸವನ್ನು, ಎಂದರೆ ಹಣ್ಣಿಲ್ಲದ ತಿಂಗಳಲ್ಲಿ ಹಣ್ಣಿನ ರುಚಿಯನ್ನು ಊಟಕ್ಕೆ ಒದಗಿಸುವ ಕೆಲಸವನ್ನು, ಇಲ್ಲಿನ ಮನೆಗಳು ಹುಣಸೆಯಿಂದ, ಉಪ್ಪಿನಿಂದ, ಬಿಸಿಲಿನಿಂದ ಬಹಳ ಹಿಂದೆಯೇ ಮಾಡಿಸಿಕೊಂಡಿವೆ.

ನೆಲ ಮತ್ತು ಹವೆ

ರಾಜ್ಯದ ಒಣ ಸೀಮೆಗಳಲ್ಲಿ ಇದೂ ಒಂದು. ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ 500–600 ಮಿ.ಮೀ. ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಜಯಮಂಗಲಿ, ಸುವರ್ಣಮುಖಿ ನದಿಗಳು ಹೆಸರಿಗೆ ನದಿಗಳು, ಬೇಸಿಗೆಯಲ್ಲಿ ಮರಳು. ಪಾವಗಡವಂತೂ ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಅಲ್ಲಿನ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುವಂತೆ ಉಪ್ಪಿನಕಾಯಿಯ ಜಾಡಿಯಲ್ಲೂ ಎರಡೂ ಸೀಮೆಯ ಕೈ ಕಾಣುತ್ತದೆ. ಹಣ್ಣು ಒಣಗಿಸುವವರಿಗೆ ಈ ಒಣ ಗಾಳಿ, ಮೋಡವಿಲ್ಲದ ಬಿಸಿಲು ವರವೇ. ಮಲೆನಾಡಿನಲ್ಲಿ ಬೂಷ್ಟು ಹಿಡಿಯುವ ಪದಾರ್ಥ ಇಲ್ಲಿ ಗರಿಗರಿಯಾಗಿ ಉಳಿಯುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಬಂದದ್ದೂ ಇದೇ ಬಿಸಿಲನ್ನು ನಂಬಿ.

ಒಣ ನೆಲವೆಂದ ಮಾತ್ರಕ್ಕೆ ಹಣ್ಣಿಗೆ ಬಡತನವಿತ್ತೆಂದು ತಿಳಿಯಬಾರದು. 1687ರಲ್ಲಿ ಮೊಘಲರ ಸುಬಾದ ಕೇಂದ್ರವಾದ ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಹೈದರಾಲಿ ಬೆಂಗಳೂರಿನ ಲಾಲ್‌ಬಾಗಿಗೆ ಅದನ್ನೇ ಮಾದರಿಯಾಗಿ ಇಟ್ಟುಕೊಂಡನೆಂಬ ಮಾತು ಪ್ರಚಲಿತ. ಮಧುಗಿರಿಯ ದಾಳಿಂಬೆಗೆ ಹಿಂದಿನಿಂದಲೂ ಹೆಸರಿದೆ. ಬೆಟ್ಟದ ಇಳಿಜಾರುಗಳಲ್ಲಿ ಸೀತಾಫಲ, ಎಲಚಿ, ಕವಳೆ ತಾವಾಗಿಯೇ ಬೆಳೆಯುತ್ತವೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ರಸ್ತೆಯ ಇಕ್ಕೆಲದಲ್ಲಿ ಹುಣಸೆ.

ಹಗೇವು, ವಾಡೆ, ಜಾಡಿ

ಬರ ಕಂಡ ಸೀಮೆಯಲ್ಲಿ ದಾಸ್ತಾನೆಂದರೆ ಮೊದಲು ರಾಗಿ. 1876–78ರ ಧಾತು-ಈಶ್ವರ ಸಂವತ್ಸರದ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿದ್ದನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ರಾಗಿಯನ್ನು ಹಗೇವಿನಲ್ಲಿ ಹಾಕುತ್ತಿದ್ದರು. ನೆಲದಲ್ಲಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ ಅದು. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳು ಬದುಕುವುದಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು, ಗಾಳಿಯಾಡಲು ಬಿಟ್ಟು ದೀಪ ಇಳಿಬಿಟ್ಟು ನೋಡಬೇಕು ಎಂಬ ಕಟ್ಟುಪಾಡು ಇದ್ದದ್ದು ಇದಕ್ಕೇ. ದೀಪ ಆರಿದರೆ ಒಳಗೆ ಇಳಿದವನೂ ಬದುಕುವುದಿಲ್ಲ. ಗಾಳಿಯನ್ನು ಹೊರಗಿಟ್ಟು ಪದಾರ್ಥ ಉಳಿಸುವ ಉಪಾಯ ಈ ಸೀಮೆಗೆ ಹೊಸದಲ್ಲ ಎಂಬುದಕ್ಕೆ ಈ ಮಾತು.

ಹಣ್ಣಿಗೆ ಹಗೇವು ಆಗುವುದಿಲ್ಲ, ಅದರಲ್ಲಿ ನೀರಿದೆ. ಹಣ್ಣಿನ ಪದಾರ್ಥಗಳು ಮನೆಯೊಳಗೇ ಇದ್ದವು: ಹುಣಸೆ ಮಣ್ಣಿನ ಗುಡಾಣದಲ್ಲಿ ಅಥವಾ ವಾಡೆಯಲ್ಲಿ, ಉಪ್ಪಿನಕಾಯಿ ಪಿಂಗಾಣಿ ಜಾಡಿಯಲ್ಲಿ, ಒಣಗಿಸಿದವು ಬಟ್ಟೆಯ ಗಂಟಿನಲ್ಲಿ, ಇರುವೆ-ಇಲಿಗೆ ಸಿಗಬಾರದ್ದು ನೆಲುವಿನ ಮೇಲೆ. ತೋಟವಿದ್ದವರ ಅಟ್ಟದಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಹುಳಿ ಪದಾರ್ಥವನ್ನು ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡುವಂತಿರಲಿಲ್ಲ. ಕಲಾಯಿ ಹಾಕಿಸಿದ ಪಾತ್ರೆಯಾದರೂ ಒಂದು ಹೊತ್ತಿನ ಸಾರಿಗೆ ಸರಿ, ವರ್ಷದ ದಾಸ್ತಾನಿಗಲ್ಲ.

ಹುಣಸೆ

ಈ ಸೀಮೆಯ ಮನೆಯಲ್ಲಿ ಅತಿ ಹೆಚ್ಚು ತೂಕದಲ್ಲಿ ಕೂಡಿಡುವ ಹಣ್ಣು ಹುಣಸೆ. ಇದನ್ನು ಹಣ್ಣೆಂದು ಲೆಕ್ಕಕ್ಕೆ ಹಿಡಿಯದೆ ದಿನಸಿಗೆ ಸೇರಿಸುವುದರಿಂದಲೇ 'ನಮ್ಮಲ್ಲಿ ಹಣ್ಣು ಇಡುವ ಪದ್ಧತಿಯಿಲ್ಲ' ಎಂಬ ಮಾತು ಹುಟ್ಟಿಕೊಂಡಿದೆ. ಅದು ಸರಿಯಲ್ಲ. ಮರ ಮಳೆಗಾಲದ ಮೊದಲಲ್ಲಿ ಹೂವಾಗಿ, ಸಂಕ್ರಾಂತಿ ಕಳೆದ ಮೇಲೆ ಹಣ್ಣು ಬಲಿತು, ಯುಗಾದಿಯ ಹೊತ್ತಿಗೆ ಬಡಿತ ಮುಗಿಯುತ್ತದೆ. ಸ್ವಂತ ಮರವಿಲ್ಲದವರು ಮರವನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಹೂವಿನಲ್ಲೇ ಮರ ನೋಡಿ ಬೆಲೆ ಕಟ್ಟುವ ಪಳಗಿದ ಕಣ್ಣಿನವರೂ ಇದ್ದಾರೆ.

ಮರದಿಂದ ಬಿದ್ದ ಹಣ್ಣನ್ನು ಎರಡು ಮೂರು ದಿನ ಬಿಸಿಲಿಗೆ ಹರಡಿದರೆ ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಕಳಕಳ ಸದ್ದಾಗುತ್ತದೆ. ಆಗ ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಲು ಕೂರುತ್ತಾರೆ. ಮಧ್ಯಾಹ್ನದ ಮೇಲೆ ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರು ಕಲ್ಲಿನ ಮುಂದೆ ಕೂತು, ಎಡಗೈಲಿ ಹಣ್ಣು ಹಿಡಿದು ಬಲಗೈಲಿ ಸಣ್ಣ ಸುತ್ತಿಗೆ ಅಥವಾ ಕಬ್ಬಿಣದ ತುಂಡಿನಿಂದ ಕುಟ್ಟುತ್ತಾರೆ. ಏಟು ಹಣ್ಣಿನ ಬೆನ್ನಿಗೆ ಬೀಳಬೇಕು, ಬೀಜ ಒಡೆಯದೆ ಪಕ್ಕಕ್ಕೆ ಹಾರಬೇಕು. ಬೆರಳ ತುದಿ ದಿನಗಟ್ಟಲೆ ಹುಳಿ ಹೀರಿ ಸುಲಿದು ಉರಿಯುತ್ತದೆ. ವ್ಯಾಪಾರಕ್ಕೆ ಕುಟ್ಟುವವರಿಗೆ ಕೂಲಿ ಕೇಜಿ ಲೆಕ್ಕದಲ್ಲಿ. ಬೀಜವೂ ವ್ಯರ್ಥವಲ್ಲ. ಶಿರಾ, ಪಾವಗಡದ ಕಡೆ ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿ ಹುಣಸೆ ಬೀಜದ್ದು.

ಮನೆಗೆ ಇಟ್ಟುಕೊಳ್ಳುವ ಹುಣಸೆಗೆ ಒಂದು ದಿನ ಮತ್ತೆ ಬಿಸಿಲು ತೋರಿಸಿ, ಗುಡಾಣದಲ್ಲಿ ಒಂದು ಪದರ ಹುಣಸೆ, ಮೇಲೊಂದು ಹಿಡಿ ಕಲ್ಲುಪ್ಪು, ಮತ್ತೆ ಹುಣಸೆ ಎಂದು ಒತ್ತಿ ಒತ್ತಿ ತುಂಬುತ್ತಾರೆ. ಒತ್ತುವುದೇ ಇಲ್ಲಿ ಮುಖ್ಯ. ನಡುವೆ ಗಾಳಿ ಉಳಿದರೆ ಹುಳು ಬೀಳುತ್ತದೆ. ಕೆಲವರು ಉಪ್ಪು ಸೇರಿಸಿ ಉಂಡೆ ಕಟ್ಟಿಡುತ್ತಾರೆ. ಹುಣಸೆ ಕೆಡದಿರುವುದಕ್ಕೆ ಕಾರಣ ಅದರೊಳಗೇ ಇದೆ: ಟಾರ್ಟಾರಿಕ್ ಆಮ್ಲ ಹೇರಳ, ಸಕ್ಕರೆಯೂ ಸಾಕಷ್ಟು, ನೀರು ಕಡಿಮೆ. ರೋಗ ತರುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲ. ವರ್ಷ ಕಳೆದಂತೆ ಕೆಂಪು ಹೋಗಿ ಕಪ್ಪಾಗುತ್ತದೆ. ಕಪ್ಪಾದದ್ದು ಕೆಟ್ಟದ್ದಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ಶಾಖದಲ್ಲಿ ನಿಧಾನವಾಗಿ ಕೂಡಿ ಆಗುವ ಬಣ್ಣ ಅದು. ಮಂಡಿಯಲ್ಲಿ ಬೆಲೆ ಕೆಂಪಿಗೆ, ಹೀಗಾಗಿ ವರ್ತಕರು ಶೀತಲಗೃಹ ಹುಡುಕುತ್ತಾರೆ. ಮನೆಯಲ್ಲಿ ಮಾತ್ರ 'ಹಳೇ ಹುಣಸೆ' ಎಂದು ಬಾಣಂತಿಗೂ ಪಥ್ಯಕ್ಕೂ ಬೇರೆಯಾಗಿ ತೆಗೆದಿಡುವ ರೂಢಿಯಿದೆ. ತುಮಕೂರಿನ ಸಮೀಪದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಹಲಸಿನ ಜೊತೆಗೆ ಹುಣಸೆಯ ಉತ್ತಮ ಮರಗಳನ್ನೂ ಗುರುತಿಸಿ ಕಸಿ ಗಿಡ ಮಾಡುವ ಕೆಲಸಕ್ಕೆ ಕೈಹಾಕಿದೆ.

ಹಣ್ಣಾಗುವ ಮೊದಲೇ ಹುಣಸೆಕಾಯಿಗೆ ಇನ್ನೊಂದು ದಾರಿ ಇದೆ. ಬೀಜ ಗಟ್ಟಿಯಾಗುವ ಮುನ್ನ ಕಾಯಿ ಕುಟ್ಟಿ, ಉಪ್ಪು, ಅರಿಸಿನ, ಹಸಿಮೆಣಸಿನಕಾಯಿ, ಮೆಂತ್ಯ ಸೇರಿಸಿ ತೊಕ್ಕು ಮಾಡುತ್ತಾರೆ. ಒಂದು ವರ್ಷ ನಿಶ್ಚಿಂತೆ. ಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ ಹಾಕಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿದರೆ ಚಿಗಳಿ. ಅದು ದಾಸ್ತಾನಿಗೆಂದು ಮಾಡಿದರೂ ಮಕ್ಕಳಿರುವ ಮನೆಯಲ್ಲಿ ಉಳಿದ ಉದಾಹರಣೆ ಕಡಿಮೆ.

ಉಪ್ಪು ಮತ್ತು ಎಣ್ಣೆ

ಮಾವಿನಕಾಯಿಯ ಕೆಲಸ ಬೇಸಿಗೆಯ ನಡುವೆ, ಮೊದಲ ಮಳೆ ಬೀಳುವ ಮುಂಚೆ. ಮಳೆ ಬಿದ್ದ ಮೇಲಿನ ಕಾಯಿ ನೀರುಗಟ್ಟುತ್ತದೆಂದು ಉಪ್ಪಿನಕಾಯಿಗೆ ಒಲ್ಲರು. ಹೋಳು ಐದು ಪಾಲಿಗೆ ಉಪ್ಪು ಒಂದು ಪಾಲು ಎಂಬುದು ಸಾಮಾನ್ಯ ಲೆಕ್ಕ. ಕೊರಟಗೆರೆ, ಮಧುಗಿರಿಯ ಕಡೆ ಹೋಳನ್ನು ಉಪ್ಪಿನಲ್ಲಿ ಊರಿಸಿ, ನೀರು ಬಿಟ್ಟ ಮೇಲೆ ಖಾರ, ಸಾಸಿವೆ, ಮೆಂತ್ಯ ಹಾಕುತ್ತಾರೆ. ಪಾವಗಡದಲ್ಲಿ ಗೊರಟದ ಚಿಪ್ಪಿನ ಸಮೇತ ಕತ್ತರಿಸಿ, ಸಾಸಿವೆ ಪುಡಿ ಧಾರಾಳವಾಗಿ ಬೆರೆಸಿ, ಎಣ್ಣೆಯಲ್ಲಿ ಮುಳುಗಿಸುವ ಆವಕಾಯಿ ಹೆಚ್ಚು. ಎಣ್ಣೆಯೂ ನೆಲದ್ದೇ. ಕಡಲೆಕಾಯಿ ಬೆಳೆಯುವ ತಾಲ್ಲೂಕಿನಲ್ಲಿ ಎಳ್ಳೆಣ್ಣೆಗಿಂತ ಕಡಲೆಕಾಯಿ ಎಣ್ಣೆ ಮುಂದಾಗುತ್ತದೆ. ನಿಂಬೆ, ಹೇರಳೆ, ನೆಲ್ಲಿಗೆ ಎಣ್ಣೆ ಬೇಕಿಲ್ಲ, ಅವುಗಳ ಹುಳಿಯೇ ಕಾವಲು. ಕೊರಟಗೆರೆಯ ಸಿದ್ಧರಬೆಟ್ಟದ ಸುತ್ತ ಸಿಗುವ ನೆಲ್ಲಿಕಾಯಿಯನ್ನು ಉಪ್ಪಿಗೂ ಹಾಕುತ್ತಾರೆ, ಹೋಳು ಮಾಡಿ ಅಡಕೆಯಂತೆ ಬಾಯಿಗೆ ಹಾಕಿಕೊಳ್ಳಲೂ ಒಣಗಿಸುತ್ತಾರೆ.

ಜಾಡಿಯ ಕಟ್ಟುಪಾಡುಗಳನ್ನು ಮಡಿಯೆಂದು ನಗುವವರಿದ್ದಾರೆ. ಜಾಡಿಯನ್ನು ಬಿಸಿಲಿಗೆ ಒಣಗಿಸಿ ತುಂಬಬೇಕು, ಬಾಯಿಗೆ ಬಿಳಿ ಬಟ್ಟೆ ಕಟ್ಟಬೇಕು, ದೊಡ್ಡ ಜಾಡಿಯಿಂದ ವಾರಕ್ಕಾಗುವಷ್ಟನ್ನು ಮಾತ್ರ ಸಣ್ಣದಕ್ಕೆ ತೆಗೆಯಬೇಕು, ಒದ್ದೆ ಕೈ ಸೋಕಿಸಬಾರದು. 'ಕೈ ಒರೆಸ್ಕೊಂಡು ಬಾರೇ' ಎಂಬ ಅತ್ತೆಯ ಗದರಿಕೆಯನ್ನು ಸೂಕ್ಷ್ಮಜೀವಿ ಶಾಸ್ತ್ರ ಅಕ್ಷರಶಃ ಒಪ್ಪುತ್ತದೆ. ಒಂದು ಹನಿ ನೀರು ಬಿದ್ದ ಜಾಗದಲ್ಲಿ ಉಪ್ಪು ತೆಳುವಾಗಿ ಬೂಷ್ಟಿಗೆ ನೆಲೆ ಸಿಗುತ್ತದೆ.

ಉಳಿಸಲು ಒಗ್ಗದ ಹಣ್ಣುಗಳು

ಸೀತಾಫಲ ಈ ಬೆಟ್ಟಗಳ ಒಳ್ಳೆಯ ಹಣ್ಣು, ಆದರೆ ದಾಸ್ತಾನಿಗೆ ಬಾರದು. ತಿರುಳನ್ನು ಕಾಯಿಸಿದರೆ ಕಹಿ ಬರುತ್ತದೆ, ಆದ್ದರಿಂದ ಡಬ್ಬಿಗೂ ಜಾಮಿಗೂ ಒಗ್ಗದು. ತಿರುಳು ತೆಗೆದು ಹಿಮಗಟ್ಟಿಸುವುದೊಂದೇ ದಾರಿ. ಹಳ್ಳಿಗಳಲ್ಲಿ ಅದನ್ನು ಕಿತ್ತು ಹುಲ್ಲಿನಲ್ಲಿ ಅಡೆಹಾಕಿ, ಬುಟ್ಟಿಯಲ್ಲಿ ತಂದು ರಸ್ತೆ ಬದಿಯಲ್ಲೇ ಮಾರಿ ಮುಗಿಸುತ್ತಾರೆ. ದಾಳಿಂಬೆಗೆ ಅದರ ಸಿಪ್ಪೆಯೇ ಡಬ್ಬಿ. ನೆರಳಿನಲ್ಲಿಟ್ಟರೆ ಮೇಲೆ ಸುಕ್ಕಾದರೂ ಒಳಗಿನ ಕಾಳು ವಾರಗಟ್ಟಲೆ ಚೆನ್ನಾಗಿರುತ್ತದೆ. ತಿಂದ ಮೇಲೆ ಉಳಿದ ಸಿಪ್ಪೆಯನ್ನು ಒಣಗಿಸಿ ಭೇದಿಗೆ ಮದ್ದೆಂದು ಇಟ್ಟುಕೊಳ್ಳುತ್ತಾರೆ.

ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎರೆಯುವ ಎಲಚಿಹಣ್ಣು ಮಾತ್ರ ಈ ಗುಂಪಿನಲ್ಲಿ ಬುದ್ಧಿವಂತ. ಅದನ್ನು ಒಣಗಿಸಿ, ಬೆಲ್ಲ, ಉಪ್ಪು, ಖಾರ ಸೇರಿಸಿ ಕುಟ್ಟಿ ತಟ್ಟಿದರೆ ಎಲಚಿ ವಡೆ. ಗಡಿಯಾಚೆಯ ತೆಲುಗು ಊರುಗಳಲ್ಲೂ ಇದೇ ತಿಂಡಿ ಇದೆ. ಕವಳೆಯ ಕಥೆ ಸ್ವಾರಸ್ಯದ್ದು. ಬೆಟ್ಟದ ಪೊದೆಯಲ್ಲಿ ದನಗಾಹಿ ಹುಡುಗರು ತಿನ್ನುವ ಈ ಹುಳಿ ಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ದಿನ ದಿನಕ್ಕೂ ಗಟ್ಟಿಗೊಳಿಸಿ, ಕೆಂಪು ಬಣ್ಣ ಹಾಕಿದರೆ ಬೇಕರಿಯ ಕೇಕಿನ ಮೇಲಿನ 'ಚೆರ್ರಿ'. ಬನ್ನಿನೊಳಗಿನ ಟೂಟಿ ಫ್ರೂಟಿಯೂ ಹಾಗೆಯೇ, ಎಳೆ ಪರಂಗಿಕಾಯಿಯ ಹೋಳು. ತಾಲ್ಲೂಕು ಕೇಂದ್ರದ ಬೇಕರಿಯಲ್ಲಿ ಪೇಟೆಯ ಹಣ್ಣೆಂದು ಕೊಂಡು ತಿನ್ನುವುದರಲ್ಲಿ ಊರಿನ ಪೊದೆಯದೂ ಹಿತ್ತಿಲದೂ ಇದೆ.

ತಗಡಿನ ಡಬ್ಬಿ

ಡಬ್ಬಿಯ ವಿದ್ಯೆ ಹುಟ್ಟಿದ್ದು ಸೈನ್ಯದ ಊಟಕ್ಕಾಗಿ. ಫ್ರಾನ್ಸಿನ ನಿಕೊಲಾ ಅಪೆರ್ ಬಾಟಲಿಯಲ್ಲಿ ಪದಾರ್ಥ ತುಂಬಿ ಕುದಿನೀರಿನಲ್ಲಿ ಕಾಯಿಸಿ ಉಳಿಸುವ ವಿಧಾನಕ್ಕೆ 12,000 ಫ್ರಾಂಕ್ ಬಹುಮಾನ ಪಡೆದು 1810ರಲ್ಲಿ ಅದನ್ನು ಪ್ರಕಟಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ತೆಗೆದ. ಹೀಗೆ ಮಾಡಿದರೆ ಏಕೆ ಕೆಡುವುದಿಲ್ಲ ಎಂಬುದು ಪಾಶ್ಚರನ ಕಾಲದವರೆಗೆ ಯಾರಿಗೂ ಗೊತ್ತಿರಲಿಲ್ಲ. ತಗಡೆಂದರೆ ತೆಳು ಉಕ್ಕಿನ ಹಾಳೆ, ಒಳಗೆ ತವರದ ಲೇಪ, ಎಂದರೆ ನಮ್ಮ ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿಯೇ. ಭಾರತದಲ್ಲಿ ಈ ಉದ್ಯಮಕ್ಕೆ ಕಟ್ಟಳೆ ತಂದದ್ದು 1955ರ ಹಣ್ಣಿನ ಉತ್ಪನ್ನಗಳ ಆದೇಶ. ಈಗ ಅದರ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಕಾಯ್ದೆ ಇದೆ. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಹಣ್ಣಿನ ಸಂಸ್ಕರಣೆಯನ್ನು ಆರಂಭದಿಂದಲೂ ಕೈಗೆತ್ತಿಕೊಂಡಿತು.

ಈ ಸೀಮೆಯ ಮನೆಗೆ ಡಬ್ಬಿಯ ಹಣ್ಣು ಬಂದದ್ದು ದಾಸ್ತಾನಾಗಿ ಅಲ್ಲ, ಹುಟ್ಟುಹಬ್ಬದ ಫ್ರೂಟ್ ಸಲಾಡಿಗೆ, ಮದುವೆಯ ಐಸ್‌ಕ್ರೀಮಿನ ಜೊತೆಗೆ. ಪಾಕದಲ್ಲಿಟ್ಟ ಅನಾನಸ್ ಹೋಳು, ಮಾವಿನ ತಿರುಳು ಇವೇ ಹೆಚ್ಚು. ಸುತ್ತಲಿನ ತೋಟಗಳ ತೋತಾಪುರಿಗೆ ಚಿತ್ತೂರು, ಕೃಷ್ಣಗಿರಿಯ ತಿರುಳಿನ ಕಾರ್ಖಾನೆಗಳು ದೊಡ್ಡ ಗಿರಾಕಿ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ತುಮಕೂರು ತಾಲ್ಲೂಕಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. ಹಣ್ಣಿನ ಲೆಕ್ಕದಲ್ಲಿ ನೋಡಿದರೆ ಡಬ್ಬಿ ದುಬಾರಿ: 850 ಗ್ರಾಂ ಡಬ್ಬಿಯಲ್ಲಿ ಪಾಕ ಬಸಿದ ಮೇಲೆ ಉಳಿಯುವ ಹೋಳು ಅರ್ಧಕ್ಕಿಂತ ಒಂದಿಷ್ಟು ಹೆಚ್ಚು. ಬಾಳೆ, ಪರಂಗಿ, ಸೀಬೆ ವರ್ಷವಿಡೀ ಸಂತೆಯಲ್ಲಿ ಸಿಗುವಾಗ ಅಟ್ಟದ ತುಂಬ ಡಬ್ಬಿ ಪೇರಿಸುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಕನ್ನಡ ಮನೆಗಳಲ್ಲಿ ಮಾವಿನ ತಿರುಳಿನ ಡಬ್ಬಿ ಸಾಲಾಗಿ ನಿಂತಿರುವುದಕ್ಕೆ ಕಾರಣ ಬೇರೆ, ಅಲ್ಲಿ ನಮ್ಮ ಮಾವು ಸಿಗುವುದು ಅಪರೂಪ. ಆದರೂ ನಾಲ್ಕಾರು ಡಬ್ಬಿ ಇಟ್ಟುಕೊಳ್ಳಬೇಕೆನ್ನುವವರು ಇಲ್ಲಿಯೂ ಇದ್ದಾರೆ, ಮುಂದಿನದು ಅವರಿಗಾಗಿ.

ಮನೆಯಲ್ಲಿ ಬಾಟಲಿ ಹಣ್ಣು

ಹಣ್ಣನ್ನು ಕುದಿನೀರಿನಲ್ಲಿ ಕಾಯಿಸಿ ಉಳಿಸಬಹುದೇ ಎಂಬುದನ್ನು ಅದರ ಹುಳಿ ನಿರ್ಧರಿಸುತ್ತದೆ. ಆಮ್ಲೀಯತೆಯ ಅಳತೆ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ವಿಷ ಹುಟ್ಟಿಸುವ ದುಂಡಾಣು ಬೆಳೆಯಲಾರದು. ಅನಾನಸ್, ನೇರಳೆ, ಹುಳಿ ಮಾವು ಸರಿ. ಪೂರ್ತಿ ಹಣ್ಣಾದ ಮಾವು ಗಡಿಯಲ್ಲಿದೆ, ಅದಕ್ಕೆ ಸಿಟ್ರಿಕ್ ಆಮ್ಲ ಸೇರಿಸಲೇಬೇಕು. ಹಲಸು, ಪರಂಗಿ, ಬಾಳೆ ಈ ಗಡಿಯ ಮೇಲಿನವು. ಅವುಗಳಿಗೆ ಹುಳಿ ಕೂಡಿಸದೆ ಬಾಟಲಿಯಲ್ಲಿ ಮುಚ್ಚಿಡುವುದು ಅಪಾಯ. ಆ ದುಂಡಾಣುವಿನ ಬೀಜಕಗಳನ್ನು ಕೊಲ್ಲಲು 121 ಡಿಗ್ರಿ ಶಾಖ ಬೇಕು, ಅನ್ನ ಮಾಡುವ ಕುಕ್ಕರನ್ನು ಅದಕ್ಕೆ ನಂಬಬಾರದು. ಹಲಸಿಗೆ ಹಪ್ಪಳವೇ ಕ್ಷೇಮ.

ಪುಸ್ತಕ ನೋಡಿ ಮಾಡುವವರು ಇಲ್ಲಿ ಸಾಮಾನ್ಯವಾಗಿ ಮರೆಯುವುದು ಊರಿನ ಎತ್ತರ. ಮಧುಗಿರಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 780 ಮೀಟರ್ ಮೇಲಿದೆ, ಶಿರಾ ಮತ್ತು ಪಾವಗಡ 650 ಮೀಟರಿನ ಆಸುಪಾಸು. ಇಲ್ಲಿ ನೀರು 100 ಡಿಗ್ರಿಗಲ್ಲ, 97ರಿಂದ 98ಕ್ಕೇ ಕುದಿಯುತ್ತದೆ. ಆದ್ದರಿಂದ ಸಮುದ್ರಮಟ್ಟಕ್ಕೆ ಹೇಳಿದ ಸಮಯಕ್ಕಿಂತ ಐದು ನಿಮಿಷ ಹೆಚ್ಚಾಗಿ ಕುದಿಸಬೇಕು. ಬಾಟಲಿಯನ್ನು ಕಂಠದವರೆಗೆ ತುಂಬದೆ ಅರ್ಧ ಇಂಚು ಜಾಗ ಬಿಡಬೇಕು, ಮುಚ್ಚಳದ ಮೇಲೆ ನೀರು ಬೆರಳುದ್ದ ನಿಂತಿರಬೇಕು. ತಣಿದ ಮೇಲೆ ಮುಚ್ಚಳದ ನಡುಭಾಗ ಒಳಕ್ಕೆ ಸೆಳೆದುಕೊಂಡಿದ್ದರೆ ಗಾಳಿ ಹೊರಹೋಗಿದೆ ಎಂದರ್ಥ. ಹಳೆಯ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಹೀಗೆ ಕೂರುವುದಿಲ್ಲ. ಅದು ಉಪ್ಪಿನಕಾಯಿಗೆ, ಜಾಮಿಗೆ ಸಾಕು, ಪಾಕದ ಹಣ್ಣಿಗೆ ಸಾಲದು. ಜಾಮು ಸುಲಭ, ಏಕೆಂದರೆ ಅದರಲ್ಲಿ ಕಾಯುವುದು ಸಕ್ಕರೆ. ಕರಗಿದ ಘನಾಂಶ ನೂರಕ್ಕೆ 65ಕ್ಕಿಂತ ಕಡಿಮೆಯಾಗಬಾರದು.

ಇಡುವ ಜಾಗ

ಡಬ್ಬಿಯ ಹಣ್ಣು ಹೆಚ್ಚು ಕಾಲ ಚೆನ್ನಾಗಿರುವುದು 20 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ. ಏಪ್ರಿಲ್‌ನಲ್ಲಿ ಪಾವಗಡದ ಶೀಟಿನ ಮನೆಯೊಳಗೆ ಅದರ ಎರಡರಷ್ಟು ಕಾವು. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬ ಲೆಕ್ಕದಲ್ಲಿ, ಚೀಟಿಯ ಮೇಲಿನ ತಾರೀಖು ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಹಣ್ಣು ಮೊದಲು ಬಣ್ಣ ಕೆಡುತ್ತದೆ, ಆಮೇಲೆ ಮೆತ್ತಗಾಗುತ್ತದೆ, ತವರದ ರುಚಿ ಕೊನೆಗೆ ಬರುತ್ತದೆ. ಅಟ್ಟ ಇದಕ್ಕೆ ಅತಿ ಕೆಟ್ಟ ಜಾಗ. ಮಣ್ಣಿನ ಮಾಳಿಗೆ ಮನೆಗಳಲ್ಲಿ ನಡುಮನೆಯ ಪಕ್ಕದ ಕತ್ತಲೆ ಕೋಣೆ, ಗುಡಾಣಗಳಿದ್ದ ಕೋಣೆಯೇ, ಎಲ್ಲಕ್ಕಿಂತ ತಂಪು. ಅಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಉಪ್ಪಿನ ಜಾಡಿಯಿಂದ ದೂರ ಇಟ್ಟರೆ ತುಕ್ಕು ಹಿಡಿಯುವುದೂ ತಡವಾಗುತ್ತದೆ. ಹೊಸದನ್ನು ಹಿಂದೆ ಇಟ್ಟು ಹಳೆಯದನ್ನು ಮುಂದೆ ತಳ್ಳುವುದು, ರಾಗಿಯಲ್ಲಿ ಮಾಡುವಂತೆಯೇ.

ತಳ ಅಥವಾ ಮುಚ್ಚಳ ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಬೇಕು. ಹಣ್ಣಿನ ಹುಳಿ ಲೋಹವನ್ನು ತಿಂದು ಜಲಜನಕ ಬಿಟ್ಟು ಉಬ್ಬಿರಲೂಬಹುದು, ಒಳಗೆ ಹುದುಗು ಎದ್ದಿರಲೂಬಹುದು. ಹೊರಗಿನಿಂದ ನೋಡಿ ಬೇರ್ಪಡಿಸಲಾಗದು. ಹೊಲಿಗೆಯ ಅಂಚಿನಲ್ಲಿ ನೆಗ್ಗಿದ್ದನ್ನೂ ಅಂಗಡಿಯಲ್ಲೇ ಬಿಡುವುದು ಲೇಸು, ಬದಿಯ ನೆಗ್ಗು ಅಷ್ಟು ಕೆಟ್ಟದ್ದಲ್ಲ. ಡಬ್ಬಿ ತೆರೆದ ಮೇಲೆ ಹಣ್ಣನ್ನು ಅದರಲ್ಲೇ ಬಿಡಬಾರದು. ಗಾಳಿ ಸೋಕಿದ ಕೂಡಲೇ ತವರ ಬೇಗ ಕರಗತೊಡಗುತ್ತದೆ. ಡಬ್ಬಿಯ ಆಹಾರದಲ್ಲಿ ತವರಕ್ಕೆ ಅಂತಾರಾಷ್ಟ್ರೀಯ ಮಿತಿ ಕೇಜಿಗೆ 250 ಮಿಲಿಗ್ರಾಂ. ಸ್ಟೀಲು ಅಥವಾ ಗಾಜಿನ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಫ್ರಿಜ್ಜಿಲ್ಲದ ಮನೆಯವರು ದೊಡ್ಡ ಡಬ್ಬಿ ಕೊಳ್ಳದೆ ಒಂದು ಹೊತ್ತಿಗಾಗುವ ಸಣ್ಣದನ್ನೇ ಕೊಳ್ಳುವುದು ಮೇಲು. ಉಳಿದ ಪಾಕಕ್ಕೆ ನಿಂಬೆರಸ ಹಿಂಡಿ ನೀರು ಬೆರೆಸಿದರೆ ಬಿಸಿಲಲ್ಲಿ ಬಂದವರಿಗೆ ಪಾನಕವಾಗುತ್ತದೆ.